ಕಣ ಬಿಟ್ಟು ಎರೆಹೊಲಕ್ಕೆ

ರಾಣೇಬೆನ್ನೂರಿನಲ್ಲಿ ಅಂಗಡಿ ಇಟ್ಟಿರುವ ದರ್ಜಿ ಮಕ್ತುಮಸಾಬನನ್ನು ಈಗ ಕಂಡವರು, ಅಳತೆ ಬಿಟ್ಟು ಬೇರೆ ಮಾತಾಡದ ಮನುಷ್ಯ ಎನ್ನುತ್ತಾರೆ. ಮೊದಲು ಹಾಗಿರಲಿಲ್ಲ ಮಹಾರಾಯ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಹೊಲಿಯುತ್ತಿದ್ದವನು ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯ ಸೇರಿ, ಆಗಿನ ಸಣ್ಣ ವಿಮಾನಗಳ ಬಟ್ಟೆಯ ರೆಕ್ಕೆ ಹೊಲಿಯುವ ದರ್ಜಿಯಾದ. ಯಾವ ಪೈಲಟ್ ಎಲ್ಲಿ ತಪ್ಪಿದ, ಎಲ್ಲಿ ಇಳಿಸಬೇಕಿತ್ತು ಎಂದು ನೆಲದ ಮೇಲೆ ಕೂತೇ ತೀರ್ಪು ಕೊಟ್ಟುಬಿಡುತ್ತಿದ್ದ. ತಾನು ಒಮ್ಮೆಯೂ ಹಾರಿರಲಿಲ್ಲ, ಆ ಮಾತು ಬೇರೆ.

ಯುದ್ಧ ಮುಗಿದ ಮರುವರ್ಷ ಆ ಭಾಗ್ಯವೂ ಬಂತು. ಬೆಂಗಳೂರಿನಲ್ಲಿ ವಿಮಾನವೊಂದರ ರೆಕ್ಕೆ ಹರಿದಿತ್ತು. ಅದನ್ನು ಹೊಲಿಯಲು ಮೇಲೆ ತೆರೆದ, ಎರಡೇ ಆಸನದ ಪುಟ್ಟ ವಿಮಾನದಲ್ಲಿ ಅವನನ್ನು ಬೆಳಗಾವಿಯಿಂದ ಕರೆದುಕೊಂಡು ಹೊರಟವನು ಪೈಲಟ್ ಬಾಳಕೃಷ್ಣ, ಧಾರವಾಡದ ಹುಡುಗ. ಮಕ್ತುಮಸಾಬ ಮುಂದೆ, ಪೈಲಟ್ ಹಿಂದೆ. ಕೆಳಗಿನ ರೈಲುಹಳಿಯೇ ಅವರಿಗೆ ದಾರಿ.

ಹಾವೇರಿ ದಾಟಿ ಸ್ವಲ್ಪ ದೂರ ಹೋಗಿದ್ದರು. ಇಂಜಿನ್ ಒಮ್ಮೆ ಕೆಮ್ಮಿತು. ಬಿಸಿ ಎಣ್ಣೆ ಹಾರಿ ಮಕ್ತುಮಸಾಬನ ಮುಖಕ್ಕೆ ಬಡಿಯಿತು. ಆಮೇಲೆ ಇಂಜಿನ್ ನಿಂತೇಹೋಯಿತು. ರೆಕ್ಕೆಯ ತಂತಿಗಳಲ್ಲಿ ಸುಂಯ್ ಎನ್ನುವ ಗಾಳಿ ಬಿಟ್ಟರೆ ಸಪ್ಪಳವೇ ಇಲ್ಲ. ಸಾವು ಇಷ್ಟು ಸದ್ದಿಲ್ಲದೆ ಬರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಹಾವೇರಿಗೆ ಹೊಳ್ಳಸ್ರಿ ಸಾಹೇಬ್ರ!" ಎಂದು ಹಿಂದಕ್ಕೆ ತಿರುಗಿ ಕಿರುಚಿದ.

"ಅಷ್ಟು ಎತ್ತರ ಉಳದಿಲ್ಲ. ಸುಮ್ಮ ಕೂಡು."

ಸುಮ್ಮನೆ ಹೇಗೆ ಕೂಡುವುದು? ನೆಲ ಮೇಲೆದ್ದು ಬರುತ್ತಿತ್ತು. ಅಷ್ಟರಲ್ಲಿ ಬ್ಯಾಡಗಿ ಸ್ಟೇಶನ್ ಕಂಡಿತು. ಊರಾಚೆ ಒಂದು ಬಯಲು, ಕೆಂಪಗೆ, ಜಮಖಾನೆ ಹಾಸಿದಷ್ಟು ಸಮ.

"ಅಲ್ಲೇ ಇಳಸ್ರಿ! ನಮ್ಮೂರ ಕಣ ಅದು, ಕೆಮ್ಮಣ್ಣಿಂದು, ಬಾಳ ಗಟ್ಟಿ ಐತ್ರಿ!"

"ಮಂದಿ ಇರ್ತಾರೇನು?"

"ಒಂದು ನರಪಿಳ್ಳೆನೂ ಇರಂಗಿಲ್ರಿ!"

ಪೈಲಟ್ ವಿಮಾನದ ಮೂತಿಯನ್ನು ಕಣದತ್ತ ತಿರುಗಿಸಿದ. ಬದುಕಿದೆ ಎಂದುಕೊಂಡು ಮಕ್ತುಮಸಾಬ ಕಣ್ಣು ಮುಚ್ಚಿ ಅಲ್ಲಾನನ್ನು ನೆನೆದ. ಇಳಿಯುತ್ತಿದ್ದ ವಿಮಾನ ತಟ್ಟನೆ ಒಂದು ಮಗ್ಗುಲಿಗೆ ವಾಲಿತು. ಕಣ್ಣು ಬಿಟ್ಟರೆ ಕಣ ಇಲ್ಲ, ಎದುರಿಗೆ ಉಳುಮೆಯ ಗಡಸು ಹೆಂಟೆ ತುಂಬಿದ ಕರಿಮಣ್ಣಿನ ಎರೆಹೊಲ.

"ಯಾಕ ತಿರಿವಿದ್ರಿ? ನನ್ನ ಕೊಲ್ತೀರೇನು?"

ಗಾಲಿ ಹೆಂಟೆಗೆ ಸಿಕ್ಕಿ, ಮೂತಿ ನೆಲಕ್ಕೆ ನಾಟಿ, ವಿಮಾನ ಅಂಗಾತ ಬಿತ್ತು.

ಪಕ್ಕದ ಹೊಲದವರು ಇಬ್ಬರನ್ನೂ ಹೊರಗೆಳೆದರು. ಮಕ್ತುಮಸಾಬನ ಹಣೆ ತರಚಿತ್ತು, ಅಷ್ಟೇ. ಬಾಳಕೃಷ್ಣನ ಬಲಗಾಲು ಮೊಣಕಾಲ ಕೆಳಗೆ ಮುರಿದು ಸೊಟ್ಟಗೆ ತಿರುಗಿತ್ತು. ಅದನ್ನು ಕಂಡೂ ಮಕ್ತುಮಸಾಬ ಬಾಯಿ ಮುಚ್ಚಲಿಲ್ಲ. ಅವನ ಭಯವೆಲ್ಲ ಸಿಟ್ಟಾಗಿ ಹೊರಬಿತ್ತು.

"ಅಷ್ಟು ಛಲೋ ಕಣ ಬಿಟ್ಟು ಈ ಹೆಂಟ್ಯಾಗ ಯಾಕ ಕೆಡವಿದ್ರಿ? ನಾ ಬಿಡಂಗಿಲ್ಲ, ವಿಚಾರಣಿ ಒಳಗ ಖರೇನ ಹೇಳ್ತೇನಿ!"

ಬಾಳಕೃಷ್ಣ ಹಲ್ಲು ಕಚ್ಚಿ ಹೇಳಿದ: "ಆ ಕೆಂಪು ಮಣ್ಣಿಂದಲ್ಲೋ ಮಕ್ತುಮ. ಮೆಣಸಿನಕಾಯಿ ಒಣಹಾಕ್ಯಾರ. ನಡುವ ಹೆಣ್ಣಮಕ್ಕಳು ಬಗ್ಗಿ ಕಾಯಿ ಹೊಳ್ಳಸಲಿಕತ್ತಿದ್ರು. ಇಂಜಿನ್ ಸಪ್ಪಳ ಇರಲಿಲ್ಲಲ್ಲ, ಒಬ್ಬಾಕೀನೂ ತಲಿ ಎತ್ತಲಿಲ್ಲ."

ಸುಗ್ಗಿಯ ದಿನಗಳು. ವರ್ಷವರ್ಷವೂ ಅದೇ ಕಣದ ಅಂಚಿಗೆ ಕೂತು ಚೀಲ ಹೊಲಿದವನು ಮಕ್ತುಮಸಾಬ. ಜೀವದ ಹೆದರಿಕೆಯಲ್ಲಿ ಸುಗ್ಗಿಯಲ್ಲಿ ಕಣದ ತುಂಬ ಮಂದಿ ಇರುವುದೇ ಅವನಿಗೆ ಮರೆತುಹೋಗಿತ್ತು.

ಊರಮಂದಿ ಓಡಿಬಂದರು. ಎಲ್ಲರಿಗಿಂತ ಮುಂದೆ ಅವನ ತಾಯಿ ಸಕೀನಾಬಿ. ಮಗನನ್ನು ಕಂಡವಳೇ ಎರಡೂ ಕೈಯಿಂದ ಅವನ ಮುಖ ಸವರಿದಳು. ಅವನ ಕಣ್ಣು ಭಗಭಗ ಉರಿಯತೊಡಗಿದವು. ಅವಳ ಕೈ ಮೊಣಕೈವರೆಗೂ ಖಾರದ ಪುಡಿಯಲ್ಲಿ ಕೆಂಪಾಗಿದ್ದವು.

"ಎಲ್ಲಿದ್ದಿ ಅಮ್ಮಾ ನೀನು?"

"ಎಲ್ಲಿರ್ತೇನಿ? ಕಣದಾಗ, ನಟ್ಟನಡುವ." ಆಮೇಲೆ ನೆಲದ ಮೇಲೆ ನರಳುತ್ತಿದ್ದ ಬಾಳಕೃಷ್ಣನ ಕಡೆ ತಿರುಗಿದಳು. "ಇವನೇನು ವಿಮಾನ ನಡಿಸಾಂವ? ಕಣ್ಣು ಇರಲಿಲ್ಲೇನಪಾ ನಿನಗ? ಅಷ್ಟು ದೊಡ್ಡ ಕಣ ಬಿಟ್ಟು ಇಲ್ಲಿ ತಂದು ಹಾಕೀಯಲ್ಲ, ನನ್ನ ಮಗ ಸತ್ತಿದ್ರ?"

ಮಕ್ತುಮಸಾಬ ಬಾಳಕೃಷ್ಣನ ಪಕ್ಕದಲ್ಲಿ ಕೂತ.

"ಕಣದಾಗ ಇಳಸ್ರಿ ಅಂತ ನಾನ ಒದರಿದ್ದೆ ಅಮ್ಮಾ," ಎಂದ. "ಅಲ್ಲಿ ಯಾರೂ ಇಲ್ಲಂತ ಹೇಳಿದ್ದೆ."