ಅರಂತೋಡಿನಲ್ಲಿ ಊದಿದ ಕೊಂಬು

ಅರಂತೋಡಿನ ಹಳೆಯ ಅಕ್ಕಿ ಮಿಲ್ಲೊಂದು ಈಗ ಬ್ರಿಟಿಷರ ಆಳ್ವಿಕೆಯ ದಿನಗಳನ್ನು ತೋರಿಸುವ ಪುಟ್ಟ ಮ್ಯೂಸಿಯಂ. ಮಡಿಕೇರಿಗೆ ಹೊರಟಿದ್ದ ನಾನೂ ಅಮ್ಮನೂ ಅಲ್ಲಿ ಇಳಿದೆವು. ಗೋಡೆಯ ಮೇಲೆ ಬಾಗಿದ ಹಿತ್ತಾಳೆಯ ಕೊಂಬೊಂದು ಇತ್ತು. ಕೆಳಗಿನ ಬೋರ್ಡಿನಲ್ಲಿ 'ಮುಟ್ಟಬೇಡಿ' ಎಂದಿರಲಿಲ್ಲ, 'ಊದಿ ನೋಡಿ' ಎಂದಿತ್ತು!

"ಆಗ ಇದನ್ನು ಊದಿದ್ರೆ ಜೈಲು. ಸದ್ದು ಕೇಳಿ ಜನ ಸೇರ್ತಾರೆ ಅಂತ ಹೆದರಿಕೆ ಅವರಿಗೆ. ಈಗ ಯಾರು ಬೇಕಾದ್ರೂ ಊದ್ಬಹುದು," ಎಂದರು ಮ್ಯೂಸಿಯಂ ನೋಡಿಕೊಳ್ಳುವ ಸೀತಕ್ಕ.

ನಾನು ಊದಿದೆ. ಬರೀ ಗಾಳಿ. ನ್ಯುಮೋನಿಯಾದಿಂದ ಆಗಷ್ಟೇ ಚೇತರಿಸಿಕೊಂಡಿದ್ದ ಅಮ್ಮ ಕೈ ಚಾಚಿದಳು.

"ಬೇಡಮ್ಮ, ಉಸಿರು ಕಟ್ತದೆ."

"ಎಂತ ಆಗುದಿಲ್ಲ."

ಮಿಲ್ಲಿನ ತಗಡು ನಡುಗುವಂತೆ ಊದಿದಳು. ರಸ್ತೆಯಾಚೆಯ ಅಂಗಡಿಯವರೆಲ್ಲ ಓಡಿಬಂದರು.

"ಯಾರು ಮಾರಾಯ್ರೆ ಊದಿದ್ದು?"

"ನಾನೇ," ಎಂದ ಅಮ್ಮ, ಅವರಿಗೆ ನಂಬಿಕೆ ಬರಲೆಂದು ಇನ್ನೊಮ್ಮೆ ಊದಿದಳು.