ಅಕ್ಕನ ಜೊತೆ ಮುತ್ತಲ ಎಲೆಗೆ ಹೋದದ್ದು

ಆಗೆಲ್ಲ ಹಬ್ಬದೂಟದ ತಾಟು ನಮಗೆ ಅಂಗಡಿಯಿಂದ ಬರುತ್ತಿರಲಿಲ್ಲ, ಅಡವಿಯಿಂದ ಬರುತ್ತಿತ್ತು. ನಿಜಾಮರ ಕಾಲ. ಜಹೀರಾಬಾದಿನ ಆಚೆ, ಕೆಂಪು ಮಣ್ಣಿನ ನಮ್ಮ ಊರು ಮುಗಿದಲ್ಲೇ ಸರಕಾರದ ಜಂಗಲ್ ಶುರುವಾಗುತ್ತಿತ್ತು. ಕೊಡಲಿ ಕಂಡರೆ ಚೌಕಿದಾರ ಮೈಮೇಲೆ ಬರುತ್ತಿದ್ದ. ಎಲೆ ಕೀಳಲು ಬಂದ ಹೆಂಗಸರನ್ನು ಮಾತ್ರ ಏನೂ ಅನ್ನುತ್ತಿರಲಿಲ್ಲ. ಎಳ್ಳಮಾವಾಸ್ಯೆಯ ಹಬ್ಬ, ನಮ್ಮ ಎಳ್ಳಮಾಸಿ, ಹತ್ತಿರ ಬಂತೆಂದರೆ ಹೊಲದಲ್ಲಿ ಕೂತು ಉಣ್ಣುವವರಿಗೆಲ್ಲ ಪತ್ರಾವಳಿ ಬೇಕಲ್ಲ, ಹೆಣ್ಣುಮಕ್ಕಳು ಸೆರಗು ಬಿಗಿದು ಮುತ್ತಲ ಎಲೆಗೆ ಹೊರಡುತ್ತಿದ್ದರು. ನನ್ನಂಥ ಚಿಕ್ಕವರಿಗೆ ಹಬ್ಬ ಆವತ್ತೇ ಆಗಿಬಿಡುತ್ತಿತ್ತು.

ಆ ವರ್ಷ ನಮ್ಮ ಮನೆಗೆ ನಾರಾಯಣಖೇಡದ ಗುರವ್ವ ಬಂದಿದ್ದಳು. ತನ್ನ ಮಗನಿಗೆ ನನ್ನ ಅಕ್ಕ ನೀಲವ್ವನನ್ನು ನೋಡಲು ಬಂದವಳು. ಅಕ್ಕ ಸಣ್ಣವಳಿದ್ದಾಗ ಬಂಡಿಯಿಂದ ಬಿದ್ದು ಎಡಗಾಲು ಮುರಿದುಕೊಂಡಿದ್ದಳು. ಎಲುಬು ಕೂಡಿದ್ದೇನೋ ಕೂಡಿತು, ಸೊಟ್ಟಗೆ ಕೂಡಿತು. ನಿಧಾನ ನಡೆದರೆ ಗೊತ್ತಾಗುತ್ತಿರಲಿಲ್ಲ. ಬಿರಬಿರನೆ ನಡೆದರೆ ಕುಂಟುತ್ತಿದ್ದಳು. ಆ ಕಾಲಿನ ಸುದ್ದಿ ಕೇಳಿ ಎರಡು ಸಂಬಂಧ ಬಾಗಿಲಿಂದಲೇ ತಿರುಗಿಹೋಗಿದ್ದವು. ಅಕ್ಕನ ಓರಗೆಯವರು ಆಗಲೇ ಕಂಕುಳಲ್ಲಿ ಕೂಸು ಎತ್ತಿಕೊಂಡು ತವರಿಗೆ ಬಂದುಹೋಗುತ್ತಿದ್ದರು. ಈ ಸಲ ಕಾಲಿನ ಮಾತೇ ತೆಗೆಯುವುದು ಬೇಡ, ಪಡಸಾಲೆಯಲ್ಲಿ ಚಾಪೆ ಹಾಸಿ ಹುಡುಗಿಯನ್ನು ಕೂರಿಸಿದರೆ ಮುಗಿಯಿತು ಎಂದು ಅವ್ವ ಎಣಿಸಿದ್ದಳು.

ಗುರವ್ವ ಗಟ್ಟಿ ಹೆಂಗಸು. "ಕುಂತ ಹುಡುಗಿಗಿ ನೋಡಿದ್ರ ಏನ್ ತಿಳೀತದ್ರಿ? ನಾಳೆ ನೀವು ಎಲಿಗಿ ಹೊಂಟೀರಂತಲ್ಲ, ನಾನೂ ಬರ್ತೀನಿ" ಅಂದಳು.

ಅವ್ವನ ಮುಖ ಇಳಿದುಹೋಯಿತು. ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು: "ಸಣ್ಣಿ, ನಾಳೆ ಗಿಡಾ ಕಂಡಲ್ಲೆಲ್ಲಾ ನಿಲ್ಲು. ಹಣ್ಣು ಬೇಕಂತ ಹಟಾ ಹಿಡಿ. ಅಕ್ಕಗ ಜಲ್ದಿ ನಡ್ಯಾಕ ಬಿಡಬ್ಯಾಡ."

ಹಟ ಮಾಡಿದರೆ ಬೆನ್ನಿಗೆ ಬೀಳುತ್ತಿದ್ದ ಮನೆಯಲ್ಲಿ ಹಟ ಮಾಡು ಅಂತ ಅಪ್ಪಣೆ! ನನಗೆ ಹಿಗ್ಗೋ ಹಿಗ್ಗು.

ಬೆಳಗಿನ ಇಬ್ಬನಿ ಇನ್ನೂ ಆರಿರಲಿಲ್ಲ, ನಾವು ನಾಲ್ವರೂ ಅಡವಿ ಹೊಕ್ಕೆವು. ದಾರಿ ಏರಿಲ್ಲ, ಇಳಿತವಿಲ್ಲ, ಅಂಗಳದ ಹಾಗೆ ಸಪಾಟು. ಎರಡೂ ಕಡೆ ನಮ್ಮ ಮುತ್ತಜ್ಜ ಹುಟ್ಟುವ ಮೊದಲೇ ಮುದಿಯಾಗಿದ್ದ ಮರಗಳು. ನಾನು ಮೊದಲು ಮತ್ತಿಮರದ ಮುಂದೆ ನಿಂತು ಅದರ ಸೀಳುಸೀಳು ತೊಗಟೆಗೆ ಕೈ ಹಾಕಿದೆ. ಆಮೇಲೆ ಬಾರಿಹಣ್ಣಿನ ಗಿಡ. ಒಂದು ಹಣ್ಣು ಹುಳಿ, ಒಂದು ಸಿಹಿ, ಒಂದರಲ್ಲಿ ಹುಳ. ಎಲ್ಲವನ್ನೂ ರುಚಿ ನೋಡದೆ ಮುಂದೆ ಹೋಗಲಿಲ್ಲ. ಟೊಳ್ಳಾಗಿದ್ದ ಒಂದು ಹಳೆಯ ಆಲದೊಳಗೆ ಹೊಕ್ಕು ಕೂತೇಬಿಟ್ಟೆ. ಒಳಗೆ ತಂಪು, ಬಾವಲಿಯ ವಾಸನೆ, ಒದ್ದೆ ಮಣ್ಣಿನ ವಾಸನೆ. ಆ ಅಡವಿಯ ಒಂದೊಂದು ಮರವೂ ನನಗೆ ಗುರುತಾದದ್ದು ಆ ದಿನವೇ.

"ಏನವ್ವಾ ಈ ಪೋರಿ, ಗಿಡಕ್ಕೊಮ್ಮಿ ಕುಂದರ್ತದ!" ಎಂದು ಗುರವ್ವ ರೇಗಿದಳು.

"ಲಾಡಾ ಮಾಡಿ ಕೆಡಿಸೀವ್ರಿ" ಎಂದಳು ಅವ್ವ, ನನ್ನ ಕಡೆ ನೋಡದೆ.

ದೊಡ್ಡ ಇಪ್ಪೆಮರ ಕಾಣುವ ಬಯಲಿಗೆ ಬಂದಾಗ ನಾನು ಕಾಲಿಗೆ ಮುಳ್ಳು ಚುಚ್ಚಿತೆಂದು ನೆಲಕ್ಕೆ ಬಿದ್ದು ಬಾಯಿ ತೆಗೆದೆ. ಅಕ್ಕ ಬಗ್ಗಿ ನನ್ನ ಪಾದ ನೋಡಿದಳು. ಮುಳ್ಳೆಲ್ಲಿಂದ ಬರಬೇಕು?

"ಸಾಕು ಏಳು ಸಣ್ಣಿ" ಎಂದು ನನ್ನನ್ನು ಎಬ್ಬಿಸಿ ಗುರವ್ವನ ಕಡೆ ತಿರುಗಿದಳು. "ಅತ್ತಿ, ನನ್ನ ಎಡಗಾಲು ಸೊಟ್ಟ ಅದ. ಜಲ್ದಿ ನಡದ್ರ ಕುಂಟ್ತೀನಿ. ನೋಡ್ರಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಇಪ್ಪೆಮರದ ತನಕ ಬಿರಬಿರನೆ ನಡೆದಳು. ಅಷ್ಟೇ ಬಿರುಸಿನಿಂದ ತಿರುಗಿ ಬಂದಳು. ತರಗೆಲೆಯ ಮೇಲೆ ಒಂದು ಹೆಜ್ಜೆ ಜೋರಾಗಿ, ಒಂದು ಮೆತ್ತಗೆ ಕೇಳುತ್ತಿತ್ತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೆ ಅಳುವುದೇ ಮರೆತುಹೋಯಿತು.

ಗುರವ್ವ ಅಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮ ಮನೀಗಿ ನೀರಿನ ಬಾವಿ ದೂರ ಅದ. ದಿನಾ ಕೊಡಾ ಹೊತ್ಕೊಂಡು ಬರಬೇಕು. ಆಗ್ತದೇನು?"

"ಆಗ್ತದ್ರಿ. ಜರಾ ಹೊತ್ತಾಗ್ತದ, ಅಷ್ಟೆ."

ಗುರವ್ವ ಗೊಳ್ಳನೆ ನಕ್ಕಳು. "ಹೊತ್ತಾಗಲಿ ತಗೋ. ನೀರಡಿಸಿ ಸಾಯೋರು ನಮ್ಮಲ್ಲಿ ಯಾರೂ ಇಲ್ಲ. ಬುತ್ತಿ ಬಿಚ್ಚವ್ವಾ, ಹಸಿವಿ ಆತು."

ಆಗಲೇ ಕಿತ್ತ ಎಲೆಯ ಮೇಲೆ ಅವ್ವ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಅಷ್ಟು ರುಚಿಯ ಊಟ ನಾನು ಆಮೇಲೆ ಉಂಡಿಲ್ಲ. ಬೇಸಿಗೆಯಲ್ಲಿ ಮದುವೆಯಾಯಿತು, ಪತ್ರಾವಳಿಯ ಎಲೆಯೂ ಅದೇ ಅಡವಿಯದು. ಅಕ್ಕ ಬಂಡಿ ಹತ್ತಿ ಖೇಡಕ್ಕೆ ಹೋದಳು. ಮುಂದಿನ ಎಳ್ಳಮಾಸಿಗೆ ನಾನೂ ಅವ್ವನೂ ಎಲೆಗೆ ಹೋದೆವು. ಹಟ ಮಾಡೆಂದು ಯಾರೂ ಹೇಳಲಿಲ್ಲ. ಬೇಗ ಹೋಗಿ ಬೇಗ ಬಂದುಬಿಟ್ಟೆವು. ನನಗೆ ಅಳು ಬಂತು, ಆ ಸಲ ನಿಜವಾಗಿಯೇ.

ನಿಜಾಮರ ರಾಜ್ಯ ಹೋಯಿತು. ಸರಕಾರಗಳು ಬಂದವು, ಹೋದವು, ಅಡವಿ ಮಾತ್ರ ಹೋದದ್ದು ಹೋಗಿಯೇಬಿಟ್ಟಿತು. ಆಲ, ಮತ್ತಿ ನಿಂತಿದ್ದಲ್ಲಿ ಈಗ ಕಬ್ಬು ನಿಂತಿದೆ, ನಡುವೆ ಡಾಂಬರು ರಸ್ತೆ. ಟಿಕೆಟಿನ ಚಿಲ್ಲರೆ ಎಣಿಸುವುದರೊಳಗೆ ಬಸ್ಸು ಅದನ್ನು ದಾಟಿಬಿಡುತ್ತದೆ.

ಅಕ್ಕ ಖೇಡದಲ್ಲಿ ತುಂಬು ಸಂಸಾರ ಮಾಡಿದಳು, ಮೊಮ್ಮಕ್ಕಳನ್ನು ಕಂಡಳು. ಅವಳು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. "ಆವತ್ತ ಗುರವ್ವತ್ತಿ ಒಲ್ಲೆ ಅಂದಿದ್ರ ಏನ್ ಮಾಡ್ತಿದ್ದೆ ಅಕ್ಕಾ?" ಎಂದು ಕೇಳಿದೆ.

ಅವಳು ಯೋಚಿಸಲೂ ಇಲ್ಲ. "ಏನ್ ಮಾಡ್ತಿದ್ದೆ? ಇನ್ನೊಂದಿಷ್ಟು ವರ್ಷ ನಿನ್ನ ಕೂಡ ಅಡವ್ಯಾಗ ಅಡ್ಡಾಡ್ತಿದ್ದೆ" ಅಂದಳು.

ಆ ವರ್ಷಗಳು ನನಗೆ ಬೇಕಿದ್ದವು. ಈಗ ಅಕ್ಕನೂ ಇಲ್ಲ, ಅಡವಿಯೂ ಇಲ್ಲ.