ಕಿಟಕಿಯಿಂದ ಹಿಡಿದ ಸೀಟು

ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ, ನೀರಿನ ನಲ್ಲಿಗೂ ಕಡಲೆಕಾಯಿ ಗಾಡಿಗೂ ನಡುವೆ ನಾನು ನಿಂತಿದ್ದೆ. ತೊಂಬತ್ತಾರರ ಮಾರ್ಚ್ ತಿಂಗಳು, ಊಟದ ಹೊತ್ತು ಮೀರಿತ್ತು. ಸಿಂಧಘಟ್ಟಕ್ಕೆ ಹೋಗಬೇಕಿದ್ದ ನಾನು ಕೆ.ಆರ್. ಪೇಟೆ ಬಸ್ಸು ಕಾಯುತ್ತಿದ್ದೆ. ಕಂಡಷ್ಟನ್ನೇ ಬರೆಯುತ್ತೇನೆ.

ಜಟಕಾ ಓಡಿಸುವ ಸಾಹೇಬರು ಒಬ್ಬ ವಿದೇಶಿ ಹೆಂಗಸನ್ನು ಕರೆತಂದರು. ವಯಸ್ಸಾದವರು. ಹಿಂದಿನ ಬೇಸಿಗೆಗಳಲ್ಲೂ ಬಂದಿದ್ದರು. ಎಲ್ಲರಂತೆ ಕೋಟೆ ನೋಡಲಿಕ್ಕಲ್ಲ; ಕರಿಘಟ್ಟದ ಕೆಳಗೆ ಲೋಕಪಾವನಿ ಕಾವೇರಿಗೆ ಸೇರುವಲ್ಲಿ ಯಾವುದೋ ಬಂಡೆಯ ಮೇಲೆ ಸುಮ್ಮನೆ ಕೂರಲಿಕ್ಕೆ. ಯಾವ ಬಂಡೆ ಎಂದರೆ ಸಾಹೇಬರು, "ಅದ್ನ ಕೇಳ್ಬ್ಯಾಡಿ, ಅಮ್ಮಂಗೆ ಮಾತು ಕೊಟ್ಟಿವ್ನಿ" ಅನ್ನುತ್ತಿದ್ದರು.

ಮೈಸೂರು ಬೋರ್ಡಿನ ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ಸಾಹೇಬರು, ಮೈಸೂರಿಗೆ ಮರಳಬೇಕಿದ್ದ ಆಕೆಯ ಹೆಗಲಿನ ಚೀಲ ತೆಗೆದುಕೊಂಡು ಓಡಿ, ಕಿಟಕಿಯೊಳಗೆ ತೂರಿಸಿದರು. "ಸೀಟು ಹಿಡ್ದಿವ್ನಿ, ಯಾರೂ ಕೂರ್ಬ್ಯಾಡ್ರಪ್ಪೋ!" ನಮ್ಮ ಕಡೆ ಟವೆಲ್ಲು, ಛತ್ರಿ, ಒಮ್ಮೊಮ್ಮೆ ಮಗುವೂ ಹೀಗೆ ಮೊದಲು ಬಸ್ಸು ಹತ್ತುವುದುಂಟು. ಆಕೆಗೆ ಅದು ಗೊತ್ತಿರಲಿಲ್ಲ. ಏನೋ ಕೂಗಿದರು. ಸಾಹೇಬರು ನಕ್ಕು ಸಮಾಧಾನ ಮಾಡುತ್ತಿರುವಾಗಲೇ ಬಸ್ಸು ಹೊರಟಿತು.

"ಅಯ್ಯೋ, ಅದು ಪೇಟೆ ಬಸ್ಸು ಕಣ್ರಪ್ಪಾ! ಬೋರ್ಡು ತಿರುಗ್ಸಿಲ್ಲ ಅಷ್ಟೇಯ!" ಕಡಲೆಕಾಯಿ ಮಾರುವಾಕೆ ಕೂಗಿದರು.

ನಾನು ಹತ್ತಬೇಕಿದ್ದ ಬಸ್ಸೂ ಅದೇ. ವಿದೇಶಿ ಅಮ್ಮ ನನ್ನ ತೋಳು ಹಿಡಿದು ಇಂಗ್ಲಿಷಿನಲ್ಲಿ ಏನೋ ಹೇಳತೊಡಗಿದರು. ಎದೆಯಿಂದ ಆಗಲೇ ಸಣ್ಣ ಸಿಳ್ಳೆಯಂಥ ಸದ್ದು ಬರುತ್ತಿತ್ತು.

"ಏನಂತಾವ್ರೆ?" ಸಾಹೇಬರು ಕೇಳಿದರು.

"ಉಬ್ಬಸವಂತೆ. ಔಷಧಿ ಚೀಲದಲ್ಲೇ ಇದ್ಯಂತೆ."

"ಯಾ ಅಲ್ಲಾ!"

ಆಸ್ಪತ್ರೆಗೆ ಹೋಗೋಣ ಎಂದೆ. ಆಕೆ ಬೇಡವೆಂದು ತಲೆಯಾಡಿಸಿ ಬಸ್ಸು ಹೋದ ದಾರಿಯನ್ನೇ ತೋರಿಸಿದರು. ಖಾಲಿ ಕ್ಯಾನುಗಳನ್ನು ಹೇರಿಕೊಂಡು ಪಾಂಡವಪುರಕ್ಕೆ ಮರಳುತ್ತಿದ್ದ ಹಾಲಿನ ವ್ಯಾನನ್ನು ಸಾಹೇಬರು ಅಡ್ಡ ನಿಂತು ತಡೆದರು. ಆಕೆಯನ್ನು ಡ್ರೈವರ್ ಪಕ್ಕ ಕೂರಿಸಿ, ನಾವಿಬ್ಬರೂ ಒತ್ತರಿಸಿ ಕೂತೆವು.

ಕಿರಂಗೂರು ದಾಟಿದ ಮೇಲೆ ಮುಂದೆ ಕಬ್ಬಿನ ಗಾಡಿಗಳ ಸಾಲು. ಧೂಳು. ಆಕೆ ಸೆರಗಿನಷ್ಟು ಅಗಲದ ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡಿದ್ದರು. ಮಾತು ನಿಂತಿತ್ತು, ಸಿಳ್ಳೆ ಮಾತ್ರ ಜೋರಾಗಿತ್ತು. ತುಟಿಯ ಬಣ್ಣ ಬದಲಾಗುತ್ತಿದೆ ಅನ್ನಿಸಿತು; ನೋಡದಿರಲು ಯತ್ನಿಸಿದೆ.

"ಆ ಚೀಲ ಇನ್ನೂ ಇದ್ದಾದಾ ಸಾಬ್ರೇ? ಯಾರೋ ಎತ್ಕಂಡು ಇಳ್ದಿರ್ತಾರೆ ಬುಡಿ" ಎಂದ ಡ್ರೈವರ್.

"ಬಾಯ್ಮುಚ್ಕಂಡು ಓಡ್ಸಲಾ."

ಪಾಂಡವಪುರದ ನಿಲ್ದಾಣದಲ್ಲಿ ಆ ಬಸ್ಸು ನಿಂತಿತ್ತು. ಮೆಟ್ಟಿಲ ಮೇಲೂ ಜನ ಜೋತಾಡುತ್ತಿದ್ದರು. ನಾನು ಕಿಟಕಿಗಳ ಉದ್ದಕ್ಕೂ ಇಣುಕುತ್ತ ಹೋದೆ. ಒಂದು ಕಿಟಕಿಯ ಒಳಗೆ, ಒಬ್ಬರ ಕಾಲಮೇಲೊಬ್ಬರು ನಿಂತಿದ್ದವರ ನಡುವೆ, ಒಂದು ಸೀಟು ಖಾಲಿ ಇತ್ತು. ಅದರ ಮೇಲೆ ಚೀಲ. ಪಕ್ಕದ ಮುದುಕಿ ಅದರ ಮೇಲೆ ಕೈಯಿಟ್ಟಿದ್ದರು.

"ನಿಮ್ದೇನಪ್ಪ? ಎಷ್ಟು ಜನಕ್ಕೆ ಉಗ್ದು ಕಳ್ಸಿವ್ನಿ ಗೊತ್ತಾ? ಹಿಡ್ದ ಸೀಟು ಹಿಡ್ದಂಗೇ ಅದೆ. ಎಲ್ಲವ್ರೆ, ಅತ್ಸು!"

ಚೀಲವನ್ನು ಅದೇ ಕಿಟಕಿಯಿಂದ ಈಚೆಗೆ ಎಳೆದೆ. ವಿದೇಶಿ ಅಮ್ಮನಿಗೆ ಜಿಪ್ಪು ತೆಗೆಯಲಾಗಲಿಲ್ಲ, ನಾನೇ ತೆಗೆದೆ. ಔಷಧಿಯ ಪಂಪನ್ನು ಬಾಯಿಗಿಟ್ಟು ಒಮ್ಮೆ ಎಳೆದುಕೊಂಡರು, ಮತ್ತೊಮ್ಮೆ. ಸಿಳ್ಳೆ ಕೂಡಲೇ ನಿಲ್ಲಲಿಲ್ಲ. ಸಾಹೇಬರು ಮುಖ ಆಚೆ ತಿರುಗಿಸಿ ನಿಂತಿದ್ದರು. ಉಸಿರು ತಹಬಂದಿಗೆ ಬಂದ ಮೇಲೆ, ಮೈಸೂರು ಬಸ್ಸು ಹತ್ತಿಸಲೇ ಎಂದು ನನ್ನಿಂದ ಕೇಳಿಸಿದರು.

ಆಕೆ ಬೇಡವೆಂದರು. ಮತ್ತೆ ಬಂಡೆಗೇ ಹೋಗಬೇಕಂತೆ. ಚೀಲವನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ.

ಆ ಸೀಟಿನಲ್ಲಿ ಕೆ.ಆರ್. ಪೇಟೆಯವರೆಗೆ ನಾನು ಕೂತು ಹೋದೆ.

ಸಾಹೇಬರು ತೀರಿಕೊಂಡರು, ಬಂಡೆ ಯಾವುದೆಂದು ಹೇಳದೆಯೇ. ಮುದುಕಿಯೂ ಈಗ ಇರಲಾರರು. ಆ ವಿದೇಶಿ ಅಮ್ಮನ ಸುದ್ದಿ ಗೊತ್ತಿಲ್ಲ. ಕಂಡವರಲ್ಲಿ ಉಳಿದಿರುವುದು ಕಡಲೆಕಾಯಿ ಮಾರುವಾಕೆ ಮತ್ತು ವ್ಯಾನಿನ ಡ್ರೈವರ್. ಡ್ರೈವರ್ ಪಾಂಡವಪುರದಲ್ಲೇ ಇದ್ದಾನೆ. ಆ ಸಿಳ್ಳೆಯ ಮಾತೆತ್ತಿದರೆ, "ಸುಮ್ಕಿರಪ್ಪ" ಅನ್ನುತ್ತಾನೆ.